ಲೋ ಆ್ಯಂಗಲ್‌ಗೆ ‘ಕೆಳಕೋನ’ ಸರಿಯೇ? ‘ಏರುನೋಟ, ಇಳಿನೋಟ’ ಹೇಗೆ?

ಗೆಳೆಯರೇ,

ಗಂಗಾವತಿಯ ಕೆಲವು ಹುಡುಗರು ಸೇರಿ ಒಂದು ಕಿರುಚಿತ್ರ ಮಾಡುತ್ತಿದ್ದಾರೆ. ಅವರಿಗಾಗಿ ಕ್ಯಾಮೆರಾ ಕೆಲಸದ ಮಾತುಗಳ ಚಿಕ್ಕ ಕನ್ನಡ ಪಟ್ಟಿ ಮಾಡುತ್ತಿದ್ದೇನೆ. ಲೋ ಆ್ಯಂಗಲ್‌ಗೆ, ಅಂದರೆ ಕ್ಯಾಮೆರಾ ಕೆಳಗಿಂದ ಮೇಲಕ್ಕೆ ನೋಡುವುದಕ್ಕೆ, ‘ಕೆಳಕೋನ’ ಅಂತ ಬರೆದರೆ ನಿಮಗೆ ಏನು ಅರ್ಥವಾಗುತ್ತದೆ? ಕ್ಯಾಮೆರಾ ಕೆಳಗಿದೆ ಅಂತಲೋ, ಕೆಳಗೆ ನೋಡುತ್ತಿದೆ ಅಂತಲೋ? ಎರಡೂ ಆಗಬಹುದು. ತೆರೆಯ ಮೇಲೆ ಮಾತ್ರ ಎರಡರ ಪರಿಣಾಮ ಪೂರ್ತಿ ಉಲ್ಟಾ.

ಅವರದು ಅಕ್ಕಿ ಗಿರಣಿಯ ಕಥೆ. ಸಾಹುಕಾರ ಕುರ್ಚಿಯಲ್ಲಿ ಕೂತಿದ್ದಾನೆ. ಬಾಕಿ ಕೂಲಿ ಕೇಳಲು ಬಂದ ಹಮಾಲಿ ಎದುರು ನಿಂತಿದ್ದಾನೆ. ನಿಂತವನೇ ಎತ್ತರ, ಅಲ್ವಾ? ಕೂತವನ ಕಣ್ಣಿನ ಮಟ್ಟದಿಂದ ತೆಗೆದರೆ ಹಮಾಲಿಯೇ ದೊಡ್ಡವನಾಗಿ ಕಾಣುತ್ತಾನೆ. ಅದಕ್ಕೇ ಹುಡುಗರು ಚೀಲದ ನಿಟ್ಟು ಹತ್ತಿ, ಮೇಲಿಂದ ಕ್ಯಾಮೆರಾ ಬಗ್ಗಿಸಿ ಅವನನ್ನು ತೆಗೆದರು. ಆಳು ಕುಗ್ಗಿದ, ಸುತ್ತಲಿನ ಬರಿ ನೆಲವೇ ಜಾಸ್ತಿ ಕಂಡಿತು. ಸಾಹುಕಾರನಿಗೆ ಕ್ಯಾಮೆರಾ ಮೇಜಿನ ಅಂಚಿನ ಹತ್ತಿರ ಇಳಿಯಿತು. ಮುಂದೆ ದಪ್ಪ ಲೆಕ್ಕದ ಪುಸ್ತಕ, ಅದರಾಚೆ ಅವನ ಗದ್ದ, ಮೇಲೆ ತಗಡಿನ ಸೂರು. ಒಂದು ಮಾತೂ ಆಡದೆ ಮೇಲುಗೈ ಯಾರದು ಅಂತ ಗೊತ್ತಾಗುತ್ತದೆ. ತುಂಬ ಚೆನ್ನಾಗಿ ಬಂದಿದೆ.

ಆದರೆ ‘ಕ್ಯಾಮೆರಾ ಕೆಳಗ ಮಾಡೋ’ ಅಂದರೆ ಒಬ್ಬ ಸ್ಟ್ಯಾಂಡ್ ಇಳಿಸುತ್ತಾನೆ, ಇನ್ನೊಬ್ಬ ಕ್ಯಾಮೆರಾದ ಮೂತಿ ಬಗ್ಗಿಸುತ್ತಾನೆ. ಎತ್ತರ ಬೇರೆ, ನೋಟದ ದಿಕ್ಕು ಬೇರೆ. ಜಪಾನಿನ ನಿರ್ದೇಶಕ ಯಸುಜಿರೊ ಓಜು (1903–1963) ಕ್ಯಾಮೆರಾವನ್ನು ನೆಲಕ್ಕೆ ತೀರ ಹತ್ತಿರ ಇಡುತ್ತಿದ್ದರು. ಆದರೆ ಅದು ಹೆಚ್ಚಾಗಿ ನೇರಕ್ಕೇ ನೋಡುತ್ತದೆ. ಚಾಪೆಯ ಮೇಲೆ ಕೂತ ಮನೆಮಂದಿ ಅಲ್ಲಿ ಯಾರ ಮೇಲೂ ದರ್ಪ ತೋರಿದಂತೆ ಕಾಣುವುದಿಲ್ಲ. ‘ಕೆಳಕೋನ’ ಅನ್ನುವ ಪದ ಈ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ.

ಹೈ ಆ್ಯಂಗಲ್‌ಗೆ, ಅಂದರೆ ಮೇಲಿಂದ ಕೆಳಕ್ಕೆ ನೋಡುವುದಕ್ಕೆ, ‘ಮೇಲ್ನೋಟ’ ಅನ್ನಲು ಬರುವುದಿಲ್ಲ. ‘ಮೇಲ್ನೋಟಕ್ಕೆ’ ಅಂದರೆ ಆಳಕ್ಕಿಳಿಯದೆ ನೋಡಿದರೆ ಅಂತ ಎಲ್ಲರಿಗೂ ಗೊತ್ತು. ‘ಕೀಳುನೋಟ’ ಅಂದರೆ ತಾತ್ಸಾರ ಬಂದುಬಿಡುತ್ತದೆ. ಹಮಾಲಿಯ ದೃಶ್ಯಕ್ಕೆ ಅದು ಹೊಂದಬಹುದು. ಆದರೆ ತೊಟ್ಟಿಲಲ್ಲಿ ಮಲಗಿದ ಮಗುವನ್ನು ತಾಯಿ ನೋಡುವುದೂ ಮೇಲಿಂದಲೇ, ಅಲ್ಲಿ ತಾತ್ಸಾರ ಎಲ್ಲಿದೆ? ಪದ ಕ್ಯಾಮೆರಾ ಏನು ಮಾಡುತ್ತಿದೆ ಅಂತ ಹೇಳಿದರೆ ಸಾಕು. ಭಾವ ಏನು ಅನ್ನುವುದನ್ನು ದೃಶ್ಯಕ್ಕೇ ಬಿಡಬೇಕು.

ಹಾಗಾಗಿ ನನ್ನ ಸಲಹೆ: ಕೆಳಗಿಂದ ಮೇಲಕ್ಕೆ ನೋಡಿದರೆ ‘ಏರುನೋಟ’, ಮೇಲಿಂದ ಕೆಳಕ್ಕೆ ನೋಡಿದರೆ ‘ಇಳಿನೋಟ’, ಕಣ್ಣಿನ ಮಟ್ಟಕ್ಕೆ ‘ಸಮನೋಟ’. ಏರುದನಿ, ಇಳಿಮುಖ, ಇಳಿಜಾರು ನಮ್ಮ ಬಾಯಲ್ಲಿ ಇದ್ದೇ ಇವೆ. ಎತ್ತರವನ್ನು ಬೇರೆಯಾಗಿ ‘ತಗ್ಗಿನಲ್ಲಿ’, ‘ಎತ್ತರದಲ್ಲಿ’ ಅಂತ ಸೇರಿಸಿದರಾಯಿತು. ಓಜು ಅವರದು ತಗ್ಗಿನ ಸಮನೋಟ.

ಜೂಮ್‌ಗೂ ಟ್ರಾಲಿಗೂ ‘ಹತ್ತಿರ ಹೋಗು’ ಅಂತ ಒಂದೇ ಮಾತು ಬಳಸುತ್ತಾರೆ. ಜೂಮ್‌ನಲ್ಲಿ ಕ್ಯಾಮೆರಾ ಕದಲುವುದಿಲ್ಲ, ಮುಖ ಮತ್ತು ಹಿಂದಿನ ಗೋಡೆ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. ಟ್ರಾಲಿಯಲ್ಲಿ ಕ್ಯಾಮೆರಾವೇ ಗಾಲಿಗಳ ಮೇಲೆ ಮುಂದೆ ಸಾಗುತ್ತದೆ, ಮುಖ ಬೇಗ ಬೆಳೆಯುತ್ತದೆ, ಗೋಡೆ ನಿಧಾನ. ಮೊದಲಿನದು ‘ಹತ್ತಿರ ತರು’, ಎರಡನೆಯದು ‘ಹತ್ತಿರ ಹೋಗು’ ಅಂದರೆ ಸಾಕು ಅನಿಸುತ್ತದೆ.

ಬಳ್ಳಾರಿ ಕಡೆಯವರಿಗೆ ಇನ್ನೊಂದು ಪ್ರಶ್ನೆ. ಬೆಳಗಲ್ಲು ವೀರಣ್ಣನವರು ಹೆಸರು ತಂದ ತೊಗಲುಗೊಂಬೆಯಾಟದಲ್ಲಿ ರಾಜರ ಗೊಂಬೆ ದೊಡ್ಡದು, ಆಳುಗಳ ಗೊಂಬೆ ಚಿಕ್ಕದು. ಅಧಿಕಾರವನ್ನು ಗಾತ್ರದಲ್ಲೇ ತೋರಿಸುವ ಪದ್ಧತಿ ನಮ್ಮಲ್ಲಿ ಆಗಲೇ ಇತ್ತು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುವುದಕ್ಕೆ, ದೀಪದ ಕಡೆ ಸರಿಸುವುದಕ್ಕೆ ಆಟದವರು ತಮ್ಮಲ್ಲೇ ಏನನ್ನುತ್ತಾರೆ? ಕೇಳಿದವರಿದ್ದರೆ ಅವರ ಉಚ್ಚಾರಣೆಯಲ್ಲೇ ಬರೆದು ಕಳಿಸಿ. ‘ಏರುನೋಟ’, ‘ಇಳಿನೋಟ’ ಬೇರೆ ಅರ್ಥದಲ್ಲಿ ಎಲ್ಲಾದರೂ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ. ಪಟ್ಟಿ ಹುಡುಗರ ಕೈಸೇರುವ ಮೊದಲೇ ತಿದ್ದಿಕೊಳ್ಳುತ್ತೇನೆ.