ಮಿಯಾಟಾ ಎಕ್ಸಾಸ್ಟ್ ಗುಂಯ್‌ಗುಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಕಾರು 2016ರ ಮಾಜ್ದಾ ಮಿಯಾಟಾ, 2 ಲೀಟರ್ ಎಂಜಿನ್. ಹೋದ ತಿಂಗಳು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ ಆಚೆಗಿನ ಪೈಪು, ಸೈಲೆನ್ಸರ್ ಎರಡನ್ನೂ ಬದಲಾಯಿಸಿದೆ. ಗುಡ್ಡದ ತಿರುವುಗಳಲ್ಲಿ ಆ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಫ್ರೀವೇಯಲ್ಲಿ 3000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಹತ್ತಿರ ಕಿವಿಯೊಳಗೆ ದುಂಬಿ ಹೊಕ್ಕ ಹಾಗಿರುತ್ತದೆ. ಊರಿಂದ ಅಮ್ಮ ಬಂದಿದ್ದಾರೆ. ಮೊನ್ನೆ ಅರ್ಧ ಗಂಟೆಗೇ ಸೆರಗನ್ನು ಕಿವಿಗೆ ಒತ್ತಿಕೊಂಡು ಕೂತರು. ಹಳೇ ಸೈಲೆನ್ಸರನ್ನೇ ಹಾಕಿಬಿಡಲಾ?

ಉತ್ತರ: ಈಗಲೇ ಬೇಡ. ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಇಂಧನ ಉರಿಸುತ್ತದೆ. ನಿಮ್ಮ ದುಂಬಿ ಆ 100 ಹರ್ಟ್ಸ್ ಸದ್ದೇ. ಪೈಪಿಗೆ ಇನ್ನೊಂದು ಕವಲು ಪೈಪು ವೆಲ್ಡ್ ಮಾಡಿಸಿ. ಅದರ ತುದಿ ಮುಚ್ಚಿರಬೇಕು, ಉದ್ದ ಸುಮಾರು ಒಂದು ಮೀಟರ್. ಜಾಗ ಕಡಿಮೆ ಇದ್ದರೆ ಬಗ್ಗಿಸಬಹುದು. ಒಳಗೆ ಹೋಗಿ ವಾಪಸ್ ಬರುವ ಸದ್ದು ಮೂಲ ಸದ್ದನ್ನು ಎದುರಿಸಿ ತಗ್ಗಿಸುತ್ತದೆ. ಹೊಗೆ ಬಿಸಿಯಾದಷ್ಟೂ ಉದ್ದ ಜಾಸ್ತಿ ಬೇಕು, ಅದನ್ನು ವೆಲ್ಡರ್‌ಗೆ ಮೊದಲೇ ಹೇಳಿ.

ಇನ್ನೊಬ್ಬರು: ಕನ್ವರ್ಟರ್ ಮಾತ್ರ ಮುಟ್ಟಬೇಡಿ, ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಪಾಸಾಗಲ್ಲ. ಇಲ್ಲಿ ಕಾರಿನ ಸದ್ದಿಗೆ 95 ಡೆಸಿಬಲ್ ಮಿತಿಯೂ ಇದೆ, ಗೊತ್ತಲ್ವಾ?

ಪ್ರಶ್ನೆ ಕೇಳಿದವರು: ಕನ್ವರ್ಟರ್ ಹಾಗೇ ಇದೆ. ಶನಿವಾರ ವೆಲ್ಡಿಂಗ್‌ಗೆ ಬಿಡುತ್ತೇನೆ. ಆಮೇಲೆ ಅಮ್ಮನನ್ನು ಕೂರಿಸಿಕೊಂಡೇ ಒಂದು ಸುತ್ತು ಹೊಡೆದು ಹೇಳುತ್ತೇನೆ.