ಸ್ಕಾಟ್‌ಲೆಂಡಿನ ಎನ್‌ಸಿ 500: ಅಪ್ಪ ಅಮ್ಮ, ಮಗು ಜೊತೆ ಆರು ದಿನ ಸಾಕಾ? ವ್ಯಾನಾ, ಕಾರಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೇ ಕೊನೆಯ ವಾರ ಮಗಳಿಗೆ ರಜೆ, ಊರಿಂದ ಅಪ್ಪ ಅಮ್ಮನೂ ಬಂದಿರುತ್ತಾರೆ. ಸ್ಕಾಟ್‌ಲೆಂಡಿನ ಉತ್ತರ ಕರಾವಳಿ ಸುತ್ತುವ ಎನ್‌ಸಿ 500 ದಾರಿಯಲ್ಲಿ ಹೋಗಿಬರೋಣ ಅಂತಿದ್ದೇವೆ. ನಾವಿರುವುದು ಲಂಡನ್ ಹತ್ತಿರ. ಒಟ್ಟು ಐದು ಜನ: ನಾವಿಬ್ಬರು, ಆರು ವರ್ಷದ ಮಗಳು, ಅಪ್ಪ (70), ಅಮ್ಮ (66, ಮೊಣಕಾಲು ನೋವು, ಘಾಟಿ ತಿರುವು ಬಂದರೆ ವಾಂತಿ). ಎಲ್ಲರೂ ಸಸ್ಯಾಹಾರಿಗಳು. ಆರು ಜನ ಮಲಗಬಹುದಾದ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದೆ. ದಾರಿ ಒಟ್ಟು 516 ಮೈಲಿ, ಆರು ದಿನಕ್ಕೆ ಹಂಚಿದರೆ ದಿನಕ್ಕೆ 90 ಮೈಲಿಯೂ ಬರುವುದಿಲ್ಲ, ಸುಲಭ ಅನಿಸುತ್ತಿದೆ. ಎಲ್ಲಿ ಎಡವುತ್ತಿದ್ದೇವೆ, ದಯವಿಟ್ಟು ಹೇಳಿ.

ಉತ್ತರ 1

ಮೇಡಂ, ಮೊದಲು ಮೋಟರ್‌ಹೋಮ್ ಬಿಡಿ. ಆರು ಜನ ಮಲಗಬಹುದು ಅಂದಮಾತ್ರಕ್ಕೆ ಆರು ಜನ ಕೂತು ಪ್ರಯಾಣ ಮಾಡಬಹುದು ಅಂತಲ್ಲ. ಎಷ್ಟೋ ಗಾಡಿಗಳಲ್ಲಿ ಸೀಟ್‌ಬೆಲ್ಟ್ ಇರುವ ಸೀಟು ನಾಲ್ಕೇ. ನೀವು ಐದು ಜನ, ಅದರಲ್ಲೂ ಮಗುವಿಗೆ ಚೈಲ್ಡ್ ಸೀಟ್ ಕಟ್ಟಬೇಕು. 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಅದು ಇಲ್ಲಿ ಕಾನೂನು.

ಎರಡನೆಯದು ಅಗಲ. ಪಶ್ಚಿಮ ಮತ್ತು ಉತ್ತರದಲ್ಲಿ ಎಷ್ಟೋ ಕಡೆ ಸಿಂಗಲ್ ಟ್ರ್ಯಾಕ್ ರಸ್ತೆ, ಅಂದರೆ ಎರಡೂ ಕಡೆಯ ವಾಹನಗಳಿಗೆ ಒಂದೇ ಪಟ್ಟಿ. ಏಳು ಮೀಟರ್ ಉದ್ದದ ಗಾಡಿಯನ್ನು ತಿರುವಿನಲ್ಲಿ ಹಿಂದಕ್ಕೆ ತೆಗೆಯುವುದು ಅಭ್ಯಾಸ ಇಲ್ಲದವರಿಗೆ ನಿಜಕ್ಕೂ ಕಷ್ಟ. ಡಾಂಬರಿನ ಅಂಚು ದಾಟಿದರೆ ಹಸಿ ಪೀಟ್ ಮಣ್ಣು. ನೋಡಲು ಹುಲ್ಲಿನ ಮೈದಾನದಂತಿದ್ದರೂ ಚಕ್ರ ಹೂತುಹೋಗುತ್ತದೆ.

ಮೂರನೆಯದು, ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಎನ್ನುವುದು ತಪ್ಪು ತಿಳಿವಳಿಕೆ. 2003ರ ಸ್ಕಾಟಿಷ್ ಭೂ ಕಾಯ್ದೆ ಕೊಡುವ ಓಡಾಟದ ಹಕ್ಕು ನಡೆಯುವವರಿಗೆ, ಸೈಕಲ್ಲಿನವರಿಗೆ, ಟೆಂಟ್ ಹಾಕುವವರಿಗೆ. ಮೋಟಾರು ವಾಹನಕ್ಕೆ ಅನ್ವಯಿಸುವುದಿಲ್ಲ. ಕ್ಯಾಂಪ್‌ಸೈಟ್ ಬುಕ್ ಮಾಡಬೇಕು, ಟಾಯ್ಲೆಟ್ ಕ್ಯಾಸೆಟ್ (ಗಾಡಿಯ ಶೌಚದ ಟ್ಯಾಂಕ್) ಅಲ್ಲೇ ಖಾಲಿ ಮಾಡಬೇಕು.

ನಿಮಗೆ ಸರಿಯಾದದ್ದು ಏಳು ಸೀಟಿನ ಕಾರು. ಮೂರನೇ ಸಾಲು ಮಡಚಿ ಸಾಮಾನು ಹಾಕಿ, ಐದು ಜನ ಆರಾಮಾಗಿ ಕೂರಿ.

ಉತ್ತರ 2

ಲಂಡನ್‌ನಿಂದ ಕಾರಿನಲ್ಲಿ ಹೊರಡಬೇಡಿ. ಸುತ್ತು ಶುರುವಾಗುವ ಇನ್ವರ್ನೆಸ್‌ಗೇ ಸುಮಾರು 570 ಮೈಲಿ, ಹೋಗುವುದಕ್ಕೊಂದು ದಿನ, ಬರುವುದಕ್ಕೊಂದು ದಿನ ಹಾಳು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರಾತ್ರಿ ಹೊರಡುವ ಕ್ಯಾಲೆಡೋನಿಯನ್ ಸ್ಲೀಪರ್ ರೈಲು ಬೆಳಿಗ್ಗೆ ಇನ್ವರ್ನೆಸ್ ಮುಟ್ಟಿಸುತ್ತದೆ (ಶನಿವಾರ ರಾತ್ರಿ ಮಾತ್ರ ಇಲ್ಲ). ಕಾರು ಅಲ್ಲೇ ತೆಗೆದುಕೊಳ್ಳಿ. ಆಟೊಮ್ಯಾಟಿಕ್ ಬೇಕಿದ್ದರೆ, ಅದರಲ್ಲೂ ಏಳು ಸೀಟಿನದು, ತಿಂಗಳುಗಟ್ಟಲೆ ಮುಂಚೆ ಹೇಳಿಡಿ.

ಇನ್ನು ಆ 90 ಮೈಲಿ ಲೆಕ್ಕ. ಇಲ್ಲಿ ದಾರಿಯನ್ನು ಮೈಲಿಯಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಸಿಂಗಲ್ ಟ್ರ್ಯಾಕಿನಲ್ಲಿ ಗಂಟೆಗೆ 25–30 ಮೈಲಿ ಸಿಕ್ಕರೆ ಹೆಚ್ಚು. ಮ್ಯಾಪ್ ತೋರಿಸುವ ಹೊತ್ತಿಗೆ ಮೂರನೇ ಒಂದು ಭಾಗ ಸೇರಿಸಿ, ನಿಲ್ಲುವ ಹೊತ್ತು ಬೇರೆ. ಅಡ್ಡದಾರಿಗಳು ಸೇರಿ 516 ಮೈಲಿ ಸುಲಭವಾಗಿ 700 ಆಗುತ್ತದೆ. ಹಿರಿಯರಿದ್ದಾಗ ದಿನಕ್ಕೆ ನಾಲ್ಕು ಗಂಟೆ ಡ್ರೈವಿಂಗ್ ಮೀರದ ಹಾಗೆ ಹೀಗೆ ಹೊಂದಿಸಬಹುದು:

ಮೊದಲ ದಿನ ಇನ್ವರ್ನೆಸ್, ಲಾಖ್‌ಕ್ಯಾರನ್, ಆಪಲ್‌ಕ್ರಾಸ್, ಶೀಲ್ಡೇಗ್. ಎರಡನೇ ದಿನ ಟಾರಿಡನ್, ಗೇರ್‌ಲಾಖ್, ಪೂಲ್ಯೂ ಊರಿನ ಇನ್ವರ್ಯೂ ತೋಟ, ಕೊನೆಗೆ ಉಲ್ಲಾಪೂಲ್. ಅಲ್ಲಿ ಎರಡು ರಾತ್ರಿ ನಿಲ್ಲಿ. ಮೂರನೇ ದಿನ ನಾಕನ್ ಕ್ರ್ಯಾಗ್, ಅಸಿಂಟ್ ಸರೋವರದ ದಂಡೆಯ ಆರ್ಡ್ವ್ರೆಕ್ ಕೋಟೆ, ಆಕ್ಮೆಲ್ವಿಕ್ ಕಡಲತೀರ ನೋಡಿ ವಾಪಸ್. ನಾಲ್ಕನೇ ದಿನ ಕೈಲ್‌ಸ್ಕೂ ಸೇತುವೆ ದಾಟಿ ಡರ್ನೆಸ್. ಐದನೇ ದಿನ ಟಂಗ್, ಥರ್ಸೋ, ಡನೆಟ್ ಹೆಡ್, ಡಂಕನ್ಸ್‌ಬಿ ಹೆಡ್, ವಿಕ್‌ನಲ್ಲಿ ವಸತಿ. ಆರನೇ ದಿನ ಡನ್ರಾಬಿನ್ ಕೋಟೆ ನೋಡಿಕೊಂಡು ಇನ್ವರ್ನೆಸ್.

ಎಲ್ಲಾದರೂ ಕಡಿತ ಮಾಡಲೇಬೇಕಾದರೆ ಪೂರ್ವ ಕರಾವಳಿಯಲ್ಲಿ ಮಾಡಿ. ಪಶ್ಚಿಮಕ್ಕೆ ಕೈ ಹಾಕಬೇಡಿ. ಲಾಖ್‌ಇನ್ವರ್ ಸುತ್ತಿನ ನೈಸ್ (gneiss) ಎಂಬ ಜಾತಿಯ ಬಂಡೆ 300 ಕೋಟಿ ವರ್ಷದಷ್ಟು ಹಳೆಯದು. ಅದರ ಮೇಲೆ ಒಂಟಿಯಾಗಿ ಎದ್ದು ನಿಂತ ಸುಲ್ವೆನ್ ಬೆಟ್ಟದ (731 ಮೀಟರ್) ಮುಂದೆ ಬೇರೆಲ್ಲ ಸಪ್ಪೆ.

ಉತ್ತರ 3

ಪಾಸಿಂಗ್ ಪ್ಲೇಸ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಇದೊಂದು ಕೈಗೆ ಹತ್ತಿದರೆ ಅರ್ಧ ಗೆದ್ದಂತೆ.

ರಸ್ತೆ ಪಕ್ಕ ಸ್ವಲ್ಪ ಉಬ್ಬಿದಂತೆ ಅಗಲ ಮಾಡಿರುತ್ತಾರೆ, ಬಿಳಿ ಫಲಕ ಇರುತ್ತದೆ. ಕಣ್ಣು ಮುಂದಿನ ಕಾರಿನ ಮೇಲಲ್ಲ, ಮುಂದಿನ ಫಲಕದ ಮೇಲಿರಲಿ. ಎದುರಿಗೆ ಗಾಡಿ ಕಂಡ ತಕ್ಷಣ ಯಾರಿಗೆ ಜಾಗ ಹತ್ತಿರವೋ ಅವರು ನಿಲ್ಲಬೇಕು. ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ಅದರೊಳಗೆ ನುಗ್ಗಬೇಡಿ, ಅದರ ಎದುರಿಗೆ ನಿಮ್ಮ ಎಡಬದಿಯಲ್ಲೇ ನಿಂತರೆ ಎದುರಿನವರು ಅದರೊಳಗೆ ಇಳಿದು ನಿಮ್ಮನ್ನು ದಾಟುತ್ತಾರೆ. ಬಾಡಿಗೆ ಕಾರಿನವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಬಲಕ್ಕೆ ತಿರುಗಿ ಒಳಗೆ ಹೋಗುತ್ತಾರೆ, ಎದುರಿನವರೂ ಅಲ್ಲಿಗೇ ಬರುತ್ತಾರೆ, ಮೂತಿಗೆ ಮೂತಿ.

ಏರು ಹತ್ತುವವರಿಗೆ ದಾರಿ ಬಿಡಬೇಕು, ಇಳಿಯುವವರು ನಿಲ್ಲಬೇಕು, ಬೇಕಾದರೆ ರಿವರ್ಸ್ ತೆಗೆಯಬೇಕು. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಮುಂದಿನ ಜಾಗದಲ್ಲಿ ಎಡ ಇಂಡಿಕೇಟರ್ ಹಾಕಿ ಬಿಟ್ಟುಕೊಡಿ. ಅವರು ಕೆಲಸಕ್ಕೆ, ಶಾಲೆಗೆ, ಡಾಕ್ಟರ ಹತ್ತಿರ ಹೊರಟ ಊರಿನವರು. ಫೋಟೋಗೆಂದು ಪಾಸಿಂಗ್ ಪ್ಲೇಸಿನಲ್ಲಿ ಕಾರು ನಿಲ್ಲಿಸುವುದು ಆ ರಸ್ತೆಗೆ ಮಾಡುವ ದೊಡ್ಡ ಅನ್ಯಾಯ, ಯಾರೂ ಮಾಡಬೇಡಿ.

ಇನ್ನೊಂದು. ನಮ್ಮ ಕಡೆ ಲೈಟ್ ಮಿಣುಕಿಸಿದರೆ 'ನಾನು ಬರುತ್ತಿದ್ದೇನೆ, ನೀವು ನಿಲ್ಲಿ' ಅಂತ. ಅಲ್ಲಿ ಸಾಮಾನ್ಯವಾಗಿ ಇದಕ್ಕೆ ಪೂರ್ತಿ ಉಲ್ಟಾ, 'ನಾನು ನಿಂತಿದ್ದೇನೆ, ನೀವು ಬನ್ನಿ' ಅಂತ. ನಿಯಮದ ಪ್ರಕಾರ ಅದು ಇರುವಿಕೆ ತಿಳಿಸಲು ಮಾತ್ರ. ಹಾಗಾಗಿ ಆ ಕಾರು ನಿಜಕ್ಕೂ ನಿಂತಿದೆಯೇ ನೋಡಿಕೊಂಡು ಹೊರಡಿ. ದಾಟುವಾಗ ಕೈ ಎತ್ತಿ ವಂದಿಸಿ.

ಮೇ ತಿಂಗಳಲ್ಲಿ ಕುರಿಮರಿಗಳಿರುತ್ತವೆ. ತಾಯಿ ರಸ್ತೆಯ ಒಂದು ಬದಿ, ಮರಿ ಇನ್ನೊಂದು ಬದಿ ಕಂಡರೆ ಪೂರ್ತಿ ನಿಲ್ಲಿಸಿ. ಸದ್ದಿಗೆ ಹೆದರಿದ ಮರಿ ತಾಯಿಯ ಕಡೆಗೇ ಓಡುತ್ತದೆ, ನಿಮ್ಮ ಚಕ್ರದ ಮುಂದೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ವ್ಯಾನ್ ಬಿಟ್ಟೆವು. ಆಪಲ್‌ಕ್ರಾಸ್‌ಗೆ ಹೋಗುವ ಬೆಲಾಖ್ ನ ಬಾ ಘಾಟಿಯ ಬಗ್ಗೆ ಓದಿ ಭಯವಾಗುತ್ತಿದೆ. ಅಮ್ಮನಿಗೆ ಆಗುತ್ತದಾ? ಅದಕ್ಕಾಗಿ ಉಲ್ಟಾ ಸುತ್ತಿದರೆ ಒಳ್ಳೆಯದಾ?

ಉತ್ತರ 4

ಅಕ್ಕಾ, ಉಲ್ಟಾ ಬೇಡ. ಗಡಿಯಾರದ ಮುಳ್ಳಿನಂತೆ ಸುತ್ತಿದರೆ, ಅಂದರೆ ಪಶ್ಚಿಮದಿಂದ ಉತ್ತರಕ್ಕೆ, ಸಮುದ್ರ ಎಡಕ್ಕೆ ಬರುತ್ತದೆ. ನಿಲ್ಲುವ ತಾಣಗಳಿಗೆ ಎದುರು ಸಾಲು ದಾಟದೆ ಎಡಕ್ಕೆ ಸರಿಯಬಹುದು. ಘಾಟಿಯ ಕಡಿದಾದ ಹೇರ್‌ಪಿನ್ ತಿರುವುಗಳಿರುವುದು ಪೂರ್ವದ ಟಾರ್ನಪ್ರೆಸ್ ಬದಿಯಲ್ಲಿ, ಆ ಕಡೆಯಿಂದ ಹೋದರೆ ನೀವು ಅವನ್ನು ಹತ್ತುತ್ತೀರಿ, ಇಳಿಯುವುದಿಲ್ಲ. ಹತ್ತುವವರಿಗೆ ಮೊದಲ ಹಕ್ಕು, ಬ್ರೇಕೂ ಬಿಸಿಯಾಗುವುದಿಲ್ಲ. ಆಪಲ್‌ಕ್ರಾಸ್ ಕಡೆಯ ಇಳಿಜಾರು ಅಷ್ಟು ಕಡಿದಲ್ಲ.

ದಾರಿ ಸಮುದ್ರ ಮಟ್ಟದಿಂದ 626 ಮೀಟರಿಗೆ ಏರುತ್ತದೆ, ಕೆಲವು ಕಡೆ ಐದು ಮೀಟರಿಗೆ ಒಂದು ಮೀಟರಿನಷ್ಟು ಏರು. ಎರಡನೇ ಗೇರ್ ಸಾಕು, ತಿರುವಿನಲ್ಲಿ ಮೊದಲನೆಯದು. ಇಳಿಯುವಾಗಲೂ ಎರಡರಲ್ಲೇ ಬಿಡಿ, ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಮೋಡಿಗೆ ಹಾಕಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಮೇ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ. ಹಾಗಾಗಿ ಮಧ್ಯಾಹ್ನದ ನೂಕುನುಗ್ಗಲಿಗೆ ಸಿಕ್ಕಿಕೊಳ್ಳದೆ ಸಂಜೆ ಐದರ ನಂತರ ಹತ್ತಿ.

ಬುಡದಲ್ಲಿ ನಿಂತಾಗ ತುದಿ ಮೋಡದೊಳಗಿದ್ದರೆ ಹತ್ತಲೇಬೇಡಿ, ಮೇಲೆ ಬೋನೆಟ್ಟಿನಾಚೆ ಏನೂ ಕಾಣುವುದಿಲ್ಲ. ನೇರ ಎ896ರಲ್ಲಿ ಶೀಲ್ಡೇಗ್‌ಗೆ ಹೋಗಿ. ಆಪಲ್‌ಕ್ರಾಸ್ ನೋಡಲೇಬೇಕಿದ್ದರೆ ಶೀಲ್ಡೇಗ್ ಕಡೆಯಿಂದ ಕಡಲ ಅಂಚಿನ 24 ಮೈಲಿ ದಾರಿ ಇದೆ. ಸಿಂಗಲ್ ಟ್ರ್ಯಾಕೇ, ಆದರೆ ಘಾಟಿಯ ಎತ್ತರವಿಲ್ಲ.

ಉತ್ತರ 5

ಮೇಲಿನವರ ಮಾತಿಗೆ ಒಂದು ಆಕ್ಷೇಪ. ಸಿಂಗಲ್ ಟ್ರ್ಯಾಕಿನಲ್ಲಿ ಒಮ್ಮೆಯೂ ಓಡಿಸದವರು ಮೊದಲ ದಿನವೇ, ರೈಲಿಳಿದ ಆಯಾಸದಲ್ಲಿ, ಬೆಲಾಖ್ ನ ಬಾ ಹತ್ತುವುದು ಸರಿಯಲ್ಲ. ಅದಕ್ಕೇ ಎಷ್ಟೋ ಜನ ಪೂರ್ವದಿಂದ ಶುರು ಮಾಡಿ ಅಗಲ ರಸ್ತೆಯಿಂದ ಕಿರಿದಕ್ಕೆ ಬರುತ್ತಾರೆ. ನಿಮ್ಮ ಆರು ದಿನವನ್ನು ಏಳು ಮಾಡಿ, ಮೊದಲ ರಾತ್ರಿ ಲಾಖ್‌ಕ್ಯಾರನ್‌ನಲ್ಲಿ ತಂಗಿ, ಮಾರನೇ ಬೆಳಿಗ್ಗೆ ಒಂಬತ್ತರೊಳಗೆ ಘಾಟಿ ಹತ್ತಿ. ಆಗ ದಿಕ್ಕು ಬದಲಿಸುವ ಅಗತ್ಯ ಇಲ್ಲ.

ಬಿ869 ಹೆಸರು ಬರೆದಿಟ್ಟುಕೊಳ್ಳಿ. ಲಾಖ್‌ಇನ್ವರ್‌ನಿಂದ ಡ್ರಮ್‌ಬೆಗ್ ಮೂಲಕ ಕೈಲ್‌ಸ್ಕೂ ಕಡೆಗೆ ಹೋಗುವ ಈ ದಾರಿಯಲ್ಲಿ ನಾಲ್ಕಕ್ಕೆ ಒಂದರ ಏರಿಳಿತ, ಕುರುಡು ದಿಬ್ಬ ಎರಡೂ ಇವೆ. ಅಮ್ಮನ ವಾಂತಿಗೆ ಬೆಲಾಖ್‌ಗಿಂತ ಇದೇ ಕೆಟ್ಟದ್ದು. ಆಕ್ಮೆಲ್ವಿಕ್‌ಗೆ ಇದರ ಮೊದಲ ತುಣುಕಿನಲ್ಲೇ ಎಡಕ್ಕೆ ತಿರುವಿದೆ. ತೀರ ನೋಡಿ ಬಂದ ದಾರಿಯಲ್ಲೇ ವಾಪಸ್ ಬಂದು ಎ837 ಹಿಡಿಯಿರಿ.

ಉತ್ತರ 6

ಕಾರು ಕೈಗೆ ಬಂದಾಗ ಹಿಂದಿನ ಡಿಕ್ಕಿಯ ತಳ ಎತ್ತಿ ನೋಡಿ. ಹೊಸ ಕಾರುಗಳಲ್ಲಿ ಎಷ್ಟೋ ಕಡೆ ಸ್ಟೆಪ್ನಿ ಇರುವುದಿಲ್ಲ, ಒಂದು ಸೀಲೆಂಟ್ ಬಾಟಲಿ, ಪುಟ್ಟ ಪಂಪ್ ಇಷ್ಟೇ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು. ಆದರೆ ಅಲ್ಲಿ ಟೈರ್ ಹೋಗುವುದು ಹಾಗಲ್ಲ. ಪಾಸಿಂಗ್ ಪ್ಲೇಸಿಗೆ ಇಳಿಯುವ ಕಡೆ ಡಾಂಬರಿನ ಅಂಚು ಮುರಿದು ಕತ್ತಿಯಂತೆ ಚೂಪಾಗಿರುತ್ತದೆ, ಟೈರಿನ ಪಕ್ಕದ ಗೋಡೆ ಸೀಳುತ್ತದೆ. ಆ ಸೀಳಿಗೆ ಸೀಲೆಂಟ್ ಹಿಡಿಯುವುದಿಲ್ಲ. ಟೋಯಿಂಗ್ ಗಾಡಿಗೆ ಗಂಟೆಗಟ್ಟಲೆ ಕಾಯಬೇಕು. ಸ್ಟೆಪ್ನಿ ಇರುವ ಕಾರನ್ನೇ ಕೇಳಿ. ಅಂಚಿಗೆ ಇಳಿಯುವಾಗ ನಡಿಗೆಯ ವೇಗಕ್ಕೆ ಬನ್ನಿ.

ಬಾಡಿಗೆಯ ವಿಮೆಯಲ್ಲಿ ಟೈರ್, ಗಾಜು, ತಳಭಾಗ ಸಾಮಾನ್ಯವಾಗಿ ಸೇರಿರುವುದಿಲ್ಲ, ಷರತ್ತು ಓದಿ. ನಾಲ್ಕೂ ಚಕ್ರದ ರಿಮ್ಮಿನ ಫೋಟೋ ಹತ್ತಿರದಿಂದ ತೆಗೆದಿಟ್ಟುಕೊಳ್ಳಿ.

ಡೀಸೆಲ್ ಅರ್ಧಕ್ಕೆ ಇಳಿದರೆ ಮುಂದಿನ ಬಂಕಿನಲ್ಲೇ ತುಂಬಿಸಿ. ಸಣ್ಣ ಊರುಗಳ ಬಂಕು ಸಂಜೆ, ಭಾನುವಾರ ಮುಚ್ಚಿರಬಹುದು. ಗ್ಯಾಲನ್ನಿಗೆ 35–40 ಮೈಲಿ ಸಿಕ್ಕರೆ 700 ಮೈಲಿಗೆ 80–90 ಲೀಟರ್ ಲೆಕ್ಕ ಇಟ್ಟುಕೊಳ್ಳಿ.

ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಸಿಗ್ನಲ್ ಇಲ್ಲದ ಕಣಿವೆಗಳು ಬಹಳ. ಹೊರಡುವ ಮುಂಚೆ ತುರ್ತು ಸಂಖ್ಯೆ 999ಕ್ಕೆ 'ರಿಜಿಸ್ಟರ್' ಎಂದು ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಕಳಿಸಿ ನೋಂದಾಯಿಸಿಕೊಂಡರೆ, ಕರೆ ಹೋಗದ ಕಡೆಯೂ ತುರ್ತು ಸಂದೇಶ ಹೋಗುವ ಸಾಧ್ಯತೆ ಇದೆ. ರಾತ್ರಿ ಊಟಕ್ಕೆ ಯಾರಾದರೂ ಒಂದು ಗ್ಲಾಸ್ ತೆಗೆದುಕೊಳ್ಳುವವರಿದ್ದರೆ: ಸ್ಕಾಟ್‌ಲೆಂಡಿನಲ್ಲಿ 2014ರ ಡಿಸೆಂಬರಿನಿಂದ ಗಾಡಿ ಓಡಿಸುವವರಿಗೆ ಮದ್ಯದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡಿನ 80 ಅಲ್ಲ.

ಉತ್ತರ 7

ಊಟ, ವಸತಿ. ಮೇ ಕೊನೆಯ ವಾರ ಶಾಲಾ ರಜೆ, ಜೊತೆಗೆ ಸೋಮವಾರ ಬ್ಯಾಂಕ್ ರಜೆ (ಸಾರ್ವಜನಿಕ ರಜೆ). ಡರ್ನೆಸ್‌ನಂಥ ಊರಲ್ಲಿ ಕೋಣೆಗಳೇ ಕೆಲವು. ಮೊದಲು ಡರ್ನೆಸ್ ಬುಕ್ ಮಾಡಿ, ಅದಕ್ಕೆ ತಕ್ಕಂತೆ ಉಳಿದ ದಿನಾಂಕ ಹೊಂದಿಸಿ. ಅಡುಗೆಮನೆ ಇರುವ ಕಾಟೇಜುಗಳು ಸೀಸನ್ನಿನಲ್ಲಿ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ಒಂದೆರಡು ರಾತ್ರಿಗೆ ಅಡುಗೆಮನೆ ಬೇಕಿದ್ದರೆ ಹಾಸ್ಟೆಲಿನ ಫ್ಯಾಮಿಲಿ ರೂಮ್ ಕೇಳಿ.

ಹಳ್ಳಿ ಕಡೆಯ ಹೋಟೆಲುಗಳ ಅಡುಗೆಮನೆ ರಾತ್ರಿ ಎಂಟು, ಎಂಟೂವರೆಗೆ ಬಂದ್. ಹೊರಗೆ ಹಗಲಿನಂಥ ಬೆಳಕಿರುವುದರಿಂದ ಹೊತ್ತು ತಿಳಿಯುವುದಿಲ್ಲ, ಹಸಿದು ಬಂದವರಿಗೆ ಬಾಗಿಲು ಮುಚ್ಚಿರುತ್ತದೆ. ಅಕ್ಕಿ, ಬೇಳೆ, ಪುಡಿಗಳು ಮನೆಯಿಂದಲೇ ಬರಲಿ, ತರಕಾರಿ ಮೊಸರನ್ನು ಉಲ್ಲಾಪೂಲ್, ಥರ್ಸೋ, ವಿಕ್ ಸೂಪರ್‌ಮಾರ್ಕೆಟ್‌ಗಳಲ್ಲಿ ಕೊಳ್ಳಿ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ತನ್ನಿ. ಒಗ್ಗರಣೆಗೆ ಮುಂಚೆ ಕಿಟಕಿ ತೆಗೆಯಿರಿ, ಹಜಾರದ ಕಡೆಯ ಬಾಗಿಲು ಮುಚ್ಚಿ. 2022ರ ಫೆಬ್ರವರಿಯಿಂದ ಸ್ಕಾಟ್‌ಲೆಂಡಿನ ಮನೆಗಳಲ್ಲಿ ಬೆಂಕಿ ಅಲಾರಾಂಗಳು ಒಂದಕ್ಕೊಂದು ಜೋಡಿಸಿರಬೇಕು. ಒಣಮೆಣಸಿನಕಾಯಿ ಹೊಗೆ ಒಂದಕ್ಕೆ ತಾಗಿದರೆ ಮನೆ ಪೂರ್ತಿ ಕೂಗುತ್ತದೆ.

ಉತ್ತರ 8

ಅಮ್ಮನ ಮೊಣಕಾಲಿಗೆ: ವಿಕ್ ಹತ್ತಿರದ ವೇಲಿಗೋ ಮೆಟ್ಟಿಲು ಬೇಡವೇ ಬೇಡ, ಮುನ್ನೂರಕ್ಕೂ ಹೆಚ್ಚು, ಕೈಹಿಡಿ ಕಡಿಮೆ. ಡರ್ನೆಸ್‌ನ ಸ್ಮೂ ಗುಹೆಗೂ ಮೆಟ್ಟಿಲಿಳಿಯಬೇಕು. ಅದರ ಬದಲು ಹತ್ತಿರದ ಬಾಲ್ನಾಕೀಲ್ ಮರಳು ದಂಡೆಗೆ ಕಾರು ಹೋಗುತ್ತದೆ. ಬ್ರಿಟನ್ ಮುಖ್ಯಭೂಮಿಯ ಉತ್ತರದ ತುದಿ ಜಾನ್ ಓ ಗ್ರೋಟ್ಸ್ ಅಲ್ಲ, ಡನೆಟ್ ಹೆಡ್. ಅಲ್ಲಿ ಕಾರು ತುದಿಯವರೆಗೂ ಹೋಗುತ್ತದೆ, ಬಂಡೆಯಲ್ಲಿ ಪಫಿನ್ ಹಕ್ಕಿಗಳಿರುವ ಕಾಲವೂ ಅದೇ, ಮಗಳಿಗೆ ಬೈನಾಕ್ಯುಲರ್ ಕೊಡಿ. ಡಂಕನ್ಸ್‌ಬಿಯ ಚೂಪು ಶಿಲಾಸ್ತಂಭ ನೋಡಲು ದೀಪಸ್ತಂಭದಿಂದ ಸುಮಾರು ಒಂದು ಕಿಲೋಮೀಟರ್ ಹುಲ್ಲಿನ ಮೇಲೆ ನಡೆಯಬೇಕು. ಅಪ್ಪನಿಗೆ ನಾಕನ್ ಕ್ರ್ಯಾಗ್ ತಪ್ಪಿಸಬೇಡಿ. ಹಳೆಯ ಬಂಡೆ ಹೊಸ ಬಂಡೆಯ ಮೇಲೆ ಜಾರಿ ಕೂತಿರುವ ಗೆರೆ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಬೆನ್ ಪೀಚ್, ಜಾನ್ ಹಾರ್ನ್ ಎಂಬ ಇಬ್ಬರು ಭೂವಿಜ್ಞಾನಿಗಳು ವರ್ಷಗಟ್ಟಲೆ ಅಳೆದು ಬಿಡಿಸಿದ ಒಗಟು ಅದು.

ಮಿಡ್ಜ್ ಎಂಬ ಕಚ್ಚುವ ನುಸಿ ಮೇ ಕೊನೆಗೆ ಶುರು. ಗಾಳಿ ಗಂಟೆಗೆ ಏಳು ಮೈಲಿ ಮೀರಿದರೆ ಅವು ಹಾರಲಾರವು. ಆದ್ದರಿಂದ ಬುತ್ತಿ ಬಿಚ್ಚಲು ಗಾಳಿ ಬೀಸುವ ತೆರೆದ ದಿಬ್ಬ ಹುಡುಕಿ, ಮರದ ನೆರಳಿನ ನಿಂತ ನೀರಿನ ಪಕ್ಕ ಬೇಡ. ಮುಖಕ್ಕೆ ಹಾಕುವ ಬಲೆ ಐದು ತನ್ನಿ.

ಔಷಧಿ ಪೂರ್ತಿ ಪ್ರಯಾಣಕ್ಕೆ ಸಾಲುವಷ್ಟು, ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆ ಇನ್ವರ್ನೆಸ್‌ನ ರೇಗ್‌ಮೋರ್, ಇನ್ನೊಂದು ವಿಕ್‌ನಲ್ಲಿ. ನಡುವಿನ ದಾರಿ ಉದ್ದ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ವಾಂತಿ ಮಾತ್ರೆಯನ್ನು ಲಾಖ್‌ಕ್ಯಾರನ್ ಬಿಡುವ ಒಂದು ಗಂಟೆ ಮುಂಚೆ ಕೊಡಿ, ತಿರುವು ಶುರುವಾದ ಮೇಲೆ ಕೊಟ್ಟರೆ ಉಪಯೋಗವಿಲ್ಲ. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಅವರ ಡಾಕ್ಟರನ್ನು ಕೇಳಿ.