ಬ್ಯಾಡ್ಜ್ ಬೇರೆ, ಕಾಮೆಂಟ್ ಬೇರೆ

ಅಕ್ಕ, ನಮಸ್ಕಾರ. ನಿಮ್ಮ ಮೆಸೇಜು ನೋಡಿದೆ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ಹೀಗೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಕೇಳಿ.

ಮೊದಲಿಗೆ, ಮಗ ಗೇ, ಅಂದರೆ ಅವನಿಗೆ ಹುಡುಗರೇ ಇಷ್ಟ ಅನ್ನುವ ವಿಷಯವನ್ನು ಅವನನ್ನೇ ಕೇಳಿ, ಅವನು ಹೂಂ ಅಂದ ಮೇಲೆಯೇ ಗ್ರೂಪಿಗೆ ಹಾಕಿದೆ ಅಂತ ಬರೆದಿದ್ದೀರಲ್ಲ, ಅದು ನನಗೆ ತುಂಬಾ ಹಿಡಿಸಿತು. ಎಷ್ಟೋ ಮಕ್ಕಳ ಈ ಮಾತನ್ನು ಅವರು ಬಾಯಿ ಬಿಡುವ ಮೊದಲೇ ಬೇರೆಯವರು ಹಂಚಿಬಿಟ್ಟಿರುತ್ತಾರೆ.

ಈಗ ನಾನು ಅರ್ಥ ಮಾಡಿಕೊಂಡಿದ್ದು ಸರಿ ಇದೆಯಾ ನೋಡಿ. ಹುಡುಗನಿಗೆ 15 ವರ್ಷ. ತಾನು ಗೇ ಅಂತ ಮನೆಯಲ್ಲಿ ಹೇಳಿ ಒಂದು ವರ್ಷ ಆಯಿತು, ಸ್ಕೂಲಲ್ಲೂ ಈಗ ಮುಚ್ಚಿಡುತ್ತಿಲ್ಲ. ಕ್ಲಾಸ್ ಟೀಚರ್ ನಿಮ್ಮನ್ನು ಕರೆಸಿ ಮೂರು ದೂರು ಹೇಳಿದ್ದಾರೆ. ಬ್ಯಾಗಿಗೆ ಗೇ ಜನರ ಗುರುತಾದ ಕಾಮನಬಿಲ್ಲಿನ ಬ್ಯಾಡ್ಜ್ ಚುಚ್ಚಿಕೊಂಡು ಬರುತ್ತಾನೆ. ಪಾಠದ ಮಧ್ಯೆ ಕ್ಲಾಸಿನ ಇನ್ನೊಬ್ಬ ಹುಡುಗನನ್ನು ನೋಡಿ 'ಏನ್ ಸಖತ್ತಾಗಿದ್ದಾನೆ ಗುರು' ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಾನೆ, ಆ ಹುಡುಗ ತಲೆ ತಗ್ಗಿಸಿ ಕೂತುಬಿಟ್ಟಿದ್ದಾನೆ. ಸುಮ್ಮನಿರು ಅಂದರೆ 'ನಾನು ಗೇ ಅಂತ ತಾನೇ ನೀವು ನನ್ನನ್ನೇ ಹಿಡಿಯೋದು' ಅಂತ ಎದುರು ಮಾತಾಡಿದ್ದಾನೆ. ಕೊನೆಗೆ ಟೀಚರ್ 'ಇದನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳಲಿ' ಅಂದರು. ಗ್ರೂಪಿನಲ್ಲಿ ಕೆಲವರು ಸ್ಕೂಲು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಲಿ ಅಂದಿದ್ದಾರೆ, ಕೆಲವರು ಹೋಗಿ ಜಗಳ ಆಡಿ ಅಂದಿದ್ದಾರೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ.

ಇನ್ನೊಬ್ಬರು ಡಾಕ್ಟರಿಗೆ ತೋರಿಸಿ ಅಂತಲೂ ಹಾಕಿದ್ದಾರೆ. ದಯವಿಟ್ಟು ಬೇಡ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ಇಲ್ಲದ ಕಾಯಿಲೆಗೆ ಮದ್ದು ಹುಡುಕಿದರೆ ಮಗು ನಿಜವಾಗಲೂ ನರಳುತ್ತದೆ. ಅವನಿಗೆ ನಿದ್ದೆ ಬರುತ್ತಿಲ್ಲ, ಊಟ ಬಿಟ್ಟಿದ್ದಾನೆ, ಮಂಕಾಗಿದ್ದಾನೆ ಅಂದರೆ ಆ ಕಷ್ಟಕ್ಕೆ ಒಳ್ಳೆಯ ಕೌನ್ಸೆಲರ್ ಹತ್ತಿರ ಹೋಗಿ, ಅದು ಬೇರೆ ಮಾತು.

ನೋಡಿ, ಟೀಚರ್ ಮೂರು ದೂರನ್ನೂ ಒಂದೇ ಗಂಟು ಕಟ್ಟಿಬಿಟ್ಟಿದ್ದಾರೆ. ನಿಮ್ಮ ಮಗನೂ ಅದೇ ತಪ್ಪು ಮಾಡುತ್ತಿದ್ದಾನೆ, ಯಾವುದಕ್ಕೆ ಬೈದರೂ ಗೇ ಅನ್ನುವುದಕ್ಕೇ ಬೈದರು ಅಂದುಕೊಳ್ಳುತ್ತಿದ್ದಾನೆ. ಗಂಟು ಬಿಚ್ಚುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಪ್ರಶ್ನೆ. ಹುಡುಗಿಯರನ್ನು ಇಷ್ಟಪಡುವ ಹುಡುಗ ಇದೇ ಕೆಲಸ ಮಾಡಿದ್ದರೆ ನಾವು ಏನು ಮಾಡುತ್ತಿದ್ದೆವು?

ಬ್ಯಾಡ್ಜ್ ತಗೊಳ್ಳಿ. ಬೇರೆ ಮಕ್ಕಳ ಬ್ಯಾಗಿನ ಮೇಲೆ ಹಾರ್ಟ್ ಇದೆ, ಫುಟ್ಬಾಲ್ ಟೀಮ್ ಇದೆ, ಸಿಂಗರ್ ಮುಖ ಇದೆ ಅಂದರೆ ಇದೂ ಇರಲಿ. ಯಾವ ಬ್ಯಾಡ್ಜೂ ಬೇಡ ಅಂತ ರೂಲ್ಸ್ ಇದ್ದರೆ ಎಲ್ಲರದ್ದೂ ಹೋಗಲಿ. ಇವನದ್ದು ಮಾತ್ರ ಬಿಚ್ಚಿಸುವುದು ಶಿಸ್ತು ಅಲ್ಲ. ಕಾಮೆಂಟ್ ಹಾಗಲ್ಲ. ಕ್ಲಾಸಲ್ಲಿ ಒಬ್ಬ ಹುಡುಗ ಹುಡುಗಿಯನ್ನು ನೋಡಿ ಅದೇ ಮಾತು ಕೂಗಿದ್ದರೆ ನಾನು ಪಾಠ ನಿಲ್ಲಿಸಿ ಅವನನ್ನು ಎಬ್ಬಿಸುತ್ತಿದ್ದೆ. ಇಲ್ಲಿ ತಲೆ ತಗ್ಗಿಸಿ ಕೂತವನು ಹುಡುಗ ಅನ್ನುವ ಕಾರಣಕ್ಕೆ ಅವನ ಮುಜುಗರ ಕಡಿಮೆ ಆಗುತ್ತದಾ? ನಿಮ್ಮ ಮಗ ಆ ಹುಡುಗನಿಗೆ ಸಾರಿ ಹೇಳಲೇಬೇಕು. ಎಲ್ಲರ ಎದುರಿಗೆ ಬೇಡ, ಅವನೊಬ್ಬನೇ ಇದ್ದಾಗ ಹೇಳಲಿ. ಆದರೆ ಆ ಕ್ಷಮೆ ಅವನು ಆಡಿದ ಮಾತಿಗೆ ಮಾತ್ರ, ತಾನು ಗೇ ಆಗಿದ್ದಕ್ಕೆ ಅಲ್ಲ. ಇದನ್ನು ಅವನಿಗೆ ನೀವೇ ಬಿಡಿಸಿ ಹೇಳಬೇಕು ಅಕ್ಕ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದಿದ್ದಲ್ಲ. ಹೈಸ್ಕೂಲಲ್ಲಿ ಪಾಠ ಮಾಡುವುದಕ್ಕೆ ಶುರು ಮಾಡಿ ಮೂರೋ ನಾಲ್ಕೋ ವರ್ಷ ಆಗಿತ್ತು. 'ನಾನು ಮೆಚ್ಚುವ ವ್ಯಕ್ತಿ' ಅಂತ ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಒಬ್ಬ ಹೀರೋ ಬಗ್ಗೆ ಬರೆದು, ಮದುವೆ ಆದರೆ ಇಂಥವನನ್ನೇ ಅಂತ ಮುಗಿಸಿದ್ದಳು. ಅದನ್ನು ಜೋರಾಗಿ ಓದಿಸಿದೆ, ಎಲ್ಲರೂ ನಕ್ಕರು, ಅವಳೂ ನಕ್ಕಳು. ಒಬ್ಬ ಹುಡುಗ ಮುಂದಿನ ಕ್ಲಾಸಿನ ಒಬ್ಬ ಹುಡುಗನ ಬಗ್ಗೆ ಬರೆದಿದ್ದ. ಅವನು ನಗುವುದು ಹೇಗೆ, ಅವನು ಆಟದ ಮೈದಾನಕ್ಕೆ ಬಂದರೆ ನನಗೆ ಏನಾಗುತ್ತದೆ ಅಂತ. ಒಂದು ಕೆಟ್ಟ ಪದ ಇರಲಿಲ್ಲ. ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 'ಇದೆಲ್ಲ ಬೇಡ' ಅಂತ ಬರೆದೆ. ಪುಸ್ತಕ ವಾಪಸ್ ಕೊಟ್ಟಾಗ ಅವನು ಏನೂ ಹೇಳಲಿಲ್ಲ. ಆ ಹಾಳೆಯನ್ನು ಪಿನ್ನಿನ ಹತ್ತಿರ ಸದ್ದಾಗದ ಹಾಗೆ ನಿಧಾನಕ್ಕೆ ಹರಿದ, ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ವರ್ಷ ಪೂರ್ತಿ ನನ್ನ ಕ್ಲಾಸಲ್ಲಿ ಕೈ ಎತ್ತಲಿಲ್ಲ. ಎರಡು ಪ್ರಬಂಧವನ್ನೂ ತಿದ್ದಿದ್ದು ನಾನೇ, ಒಂದೇ ದಿನ, ಒಂದೇ ಪೆನ್ನಿನಲ್ಲಿ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮ ಭಾಷೆಯದ್ದೂ ಒಂದು ತೊಂದರೆ ಇದೆ. ಪೇಪರಿನಲ್ಲಿ ಓದಿ ನಮಗೆ ಗೊತ್ತಿರುವ ಪದ ಸಲಿಂಗಕಾಮಿ. ಅದರಲ್ಲಿ ಕಾಮ ಅಂತ ಎದ್ದು ಕಾಣುತ್ತದೆ. ಹಾಗಾಗಿ ಹುಡುಗ ಬರೀ 'ನಾನು ಗೇ' ಅಂದರೂ ದೊಡ್ಡವರ ಕಿವಿಗೆ ಏನೋ ಹೊಲಸು ಮಾತಾಡಿದ ಹಾಗೆ ಕೇಳಿಸುತ್ತದೆ. ತಾನು ಯಾರು ಅಂತ ಹೇಳುವುದು ಬೇರೆ, ಅಶ್ಲೀಲ ಮಾತು ಬೇರೆ.

ಈ ವ್ಯತ್ಯಾಸದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಎರಡು ಹಳೆಯ ಕೇಸುಗಳಿವೆ. ಇವು ಗೇ ಮಕ್ಕಳ ಕೇಸುಗಳಲ್ಲ, ಆದರೂ ನನಗೆ ತುಂಬಾ ಉಪಯೋಗಕ್ಕೆ ಬಂದಿವೆ. 1965ರಲ್ಲಿ ವಿಯೆಟ್ನಾಂ ಯುದ್ಧ ಬೇಡ ಅಂತ ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸ್ಕೂಲಿಗೆ ಹೋದರು, ಅವರಲ್ಲಿ ಮೇರಿ ಬೆತ್ ಟಿಂಕರ್ ಅನ್ನುವ ಹುಡುಗಿಗೆ ಆಗ 13 ವರ್ಷ. ಸ್ಕೂಲಿನವರು ಸಸ್ಪೆಂಡ್ ಮಾಡಿದರು. 1969ರಲ್ಲಿ ಕೋರ್ಟು ಮಕ್ಕಳ ಪರ ತೀರ್ಪು ಕೊಟ್ಟಿತು. ಮಾತಾಡುವ ಹಕ್ಕನ್ನು ಮಕ್ಕಳು ಸ್ಕೂಲಿನ ಗೇಟಿನ ಹೊರಗೆ ಬಿಟ್ಟು ಬರುವುದಿಲ್ಲ, ಆದರೆ ಪಾಠ ಕೆಡಿಸಿದರೆ ಅಥವಾ ಬೇರೆಯವರ ಹಕ್ಕಿಗೆ ಅಡ್ಡ ಬಂದರೆ ತಡೆಯಬಹುದು ಅಂತ. ಆಮೇಲೆ 1986ರಲ್ಲಿ ಇನ್ನೊಂದು ಕೇಸು. ಒಬ್ಬ ಹುಡುಗ ಸ್ಕೂಲಿನ ಸಭೆಯಲ್ಲಿ ಗೆಳೆಯನಿಗೆ ವೋಟು ಕೇಳುವಾಗ ಭಾಷಣದ ತುಂಬ ಡಬಲ್ ಮೀನಿಂಗ್ ಮಾತಾಡಿದ್ದ. ಅವನನ್ನು ಶಿಕ್ಷಿಸಿದ್ದು ಸರಿ ಅಂತ ಅದೇ ಕೋರ್ಟು ಹೇಳಿತು. ನಿಮ್ಮ ಮಗನ ಬ್ಯಾಡ್ಜು ಆ ತೋಳಿನ ಪಟ್ಟಿಯ ಹಾಗೆ, ಯಾರ ಪಾಠವನ್ನೂ ಕೆಡಿಸುವುದಿಲ್ಲ. ಕಾಮೆಂಟು ಡಬಲ್ ಮೀನಿಂಗ್ ಅಲ್ಲದಿರಬಹುದು, ಆದರೆ ಪಾಠವನ್ನೂ ಕೆಡಿಸಿತು, ಪಕ್ಕದವನನ್ನೂ ನೋಯಿಸಿತು.

ಇನ್ನು ಮೂರನೆಯದು, ಎದುರು ಮಾತು. ಇದಕ್ಕೆ ಮಾತ್ರ ಅವಸರ ಮಾಡಬೇಡಿ. ಅವನು ಹಾಗೆ ಸಿಡಿಯುವ ಮೊದಲು ಏನಾಗಿತ್ತು ಅಂತ ಕೇಳಿ. ಹಿಂದಿನ ಬೆಂಚಿನಿಂದ ಯಾರಾದರೂ ಹೆಣ್ಣಿಗ ಅಂದರಾ? ಟೀಚರಿಗೆ ಅದು ಕೇಳಿಸದೆ ಇವನ ಉತ್ತರ ಮಾತ್ರ ಕೇಳಿಸಿತಾ? ನಾನು ಕಂಡ ಹಾಗೆ ಜೋರಾಗಿ ಮಾತಾಡುವ ಇಂಥ ಮಕ್ಕಳಲ್ಲಿ ಜಾಸ್ತಿ ಜನ, ಬೇರೆಯವರು ಆಡಿಕೊಳ್ಳುವ ಮೊದಲು ತಾವೇ ಹೇಳಿಬಿಡೋಣ ಅಂತ ಹೇಳುವವರು. ಧೈರ್ಯದ ಹಾಗೆ ಕಾಣುತ್ತದೆ, ಒಳಗೆ ಪೂರ್ತಿ ಹೆದರಿಕೆ. ಊಟಕ್ಕೆ ಕೂತಾಗ ಎಲ್ಲರೆದುರು ಈ ಮಾತು ತೆಗೆಯಬೇಡಿ, ಇಬ್ಬರೇ ನಡೆದುಕೊಂಡು ಹೋಗುವಾಗ ಕೇಳಿ, ಮುಖ ನೋಡುವ ಕಷ್ಟ ಇರುವುದಿಲ್ಲ.

ಅವನ ಮಾತು ನಿಜವೇ ಇರಬಹುದು. ಆದರೂ ಪಾಠದ ಮಧ್ಯೆ 40 ಜನರ ಎದುರಿಗೆ ಹೇಳಿದರೆ ಟೀಚರ್ ಮರ್ಯಾದೆ ಉಳಿಸಿಕೊಳ್ಳುವುದಕ್ಕೇ ನೋಡುತ್ತಾರೆ, ನಾನಾದರೂ ಅಷ್ಟೇ. ಬೆಲ್ ಹೊಡೆದ ಮೇಲೆ ಹೋಗಿ 'ನಾನು ಮಾತಾಡಿದ್ದು ತಪ್ಪು, ಆದರೆ ಇಂಥವನು ನನಗೆ ಹೀಗೆ ಅಂದ, ಅವನಿಗೆ ನೀವು ಏನೂ ಹೇಳಲಿಲ್ಲ' ಅಂದರೆ ಕೇಳದೆ ಇರುವುದು ಕಷ್ಟ. ಆದರೂ ಕೇಳಲಿಲ್ಲವಾ, ದಿನಾಂಕ ಹಾಕಿ ಯಾರು ಏನಂದರು ಅಂತ ಬರೆದಿಡಲಿ. ಹೆಡ್ ಹತ್ತಿರ ಹೋಗುವಾಗ ಆ ಚೀಟಿ ಕೈಯಲ್ಲಿರಲಿ. ಇನ್ನೊಂದು, ತಾನು ಹೇಳಿಕೊಂಡ ಅಂತ ಬೇರೆ ಹುಡುಗರನ್ನು 'ಅವನೂ ನನ್ನ ಹಾಗೇ' ಅಂತ ತಮಾಷೆಗೂ ಎಳೆಯಬಾರದು. ಅದನ್ನು ಹೇಳುವ ಹಕ್ಕು ಅವರವರದ್ದೇ.

ಮತ್ತೆ ಟೀಚರನ್ನು ನೋಡುವಾಗ ಅವನನ್ನೂ ಕರೆದುಕೊಂಡು ಹೋಗಿ. ಕಾಮೆಂಟ್ ತಪ್ಪು ಅಂತ ನೀವೇ ಮೊದಲು ಒಪ್ಪಿಕೊಳ್ಳಿ, ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ. ಆಮೇಲೆ ಬ್ಯಾಡ್ಜಿಗೆ ಯಾವ ರೂಲ್ಸು, ಅದು ಎಲ್ಲರಿಗೂ ಇದೆಯಾ ಅಂತ ಮೆತ್ತಗೆ ಕೇಳಿ. 'ಮನೆಯಲ್ಲಿ ಇಟ್ಟುಕೊಳ್ಳಲಿ' ಅಂದಿದ್ದರಲ್ಲಿ 'ಇದನ್ನೆಲ್ಲ' ಅಂದರೆ ಯಾವುದು ಅಂತಲೂ ಕೇಳಿ. ಅವರ ಬಾಯಲ್ಲೇ ಬರಲಿ. ಮತ್ತೆ ಅಕ್ಕ, ಒಳ್ಳೆಯ ಹುಡುಗನ ಹಾಗೆ ಕಾಣಲಿ ಅಂತ ಅವತ್ತು ಬ್ಯಾಡ್ಜ್ ತೆಗೆಸಿಕೊಂಡು ಹೋಗಬೇಡಿ. ಹೇಗಿದ್ದಾನೋ ಹಾಗೇ ಬರಲಿ.